ಅಳುವ ಮುಖಕ್ಕೆ ಏರುವ ಬೆಲೆ: ಪಿಕಾಸೊನ ಪ್ರೇಮಪ್ರಕರಣಗಳು ಮತ್ತೆ ಕಟಕಟೆಗೆ ಬಂದದ್ದೇಕೆ?

2025ರ ಅಕ್ಟೋಬರ್ ಕೊನೆಯಲ್ಲಿ ಪ್ಯಾರಿಸ್‌ನ ಹರಾಜಿನಲ್ಲಿ ಪಾಬ್ಲೊ ಪಿಕಾಸೊನ ಒಂದು ಚಿತ್ರ 3.2 ಕೋಟಿ ಯೂರೊಗೆ ಮಾರಾಟವಾಯಿತು. ಹರಾಜಿನವರ ಮೊದಲ ಅಂದಾಜು ಇದ್ದದ್ದು ಸುಮಾರು 80 ಲಕ್ಷ ಯೂರೊ. 1943ರ ಜುಲೈನಲ್ಲಿ ಬರೆದ ಈ ಚಿತ್ರವನ್ನು ಮರುವರ್ಷವೇ ಸಂಗ್ರಾಹಕರೊಬ್ಬರು ಕೊಂಡಿದ್ದರು. ಅಲ್ಲಿಂದ ಎಂಟು ದಶಕ ಅದು ಖಾಸಗಿ ಮನೆಯೊಳಗೇ ಉಳಿಯಿತು. ಹೂವಿನ ಟೋಪಿ ಧರಿಸಿದ ಹೆಣ್ಣಿನ ಎದೆಮಟ್ಟದ ಚಿತ್ರ ಅದು: ಮೇಲೆ ಬಣ್ಣಬಣ್ಣದ ಟೋಪಿ, ಕೆಳಗೆ ಒಡೆದು ಜೋಡಿಸಿದಂತಹ ಮುಖ. ಆಕೆಯ ಹೆಸರು ದೋರಾ ಮಾರ್. ಚಿತ್ರ ಬರೆಯುವ ಹೊತ್ತಿಗೆ ಪಿಕಾಸೊ ಮತ್ತು ದೋರಾ ನಡುವಿನ ಸಂಬಂಧ ಮುರಿದು ಬೀಳುತ್ತಿತ್ತು. ಅದೇ ವರ್ಷದ ಮೇ ತಿಂಗಳಲ್ಲಿ ಆತನಿಗೆ ಫ್ರಾನ್ಸ್ವಾಸ್ ಜಿಲೋ ಎಂಬ 21 ವರ್ಷದ ಕಲಾವಿದೆಯ ಪರಿಚಯವಾಗಿತ್ತು. ಆತನಿಗೆ ಆಗ 61.

ಹರಾಜಿನ ಸುದ್ದಿಯಲ್ಲಿ ಈ ವಿವರಗಳೆಲ್ಲ ಬಂದವು. ಮುರಿಯುತ್ತಿದ್ದ ಪ್ರೇಮ, ಅಳು ನುಂಗಿದ ಮುಖ ಎಂಬ ಮಾತುಗಳು ಚಿತ್ರದ ಹಿರಿಮೆಯ ಭಾಗವೆಂಬಂತೆಯೇ ಬಂದವು. ಇದೇ ಕಲಾವಿದನ ವಿರುದ್ಧ 2021ರಲ್ಲಿ ಬಾರ್ಸಿಲೋನಾದ ಪಿಕಾಸೊ ಮ್ಯೂಸಿಯಂ ಒಳಗೆ ವಿದ್ಯಾರ್ಥಿನಿಯರು ಘೋಷಣೆ ಬರೆದ ಅಂಗಿ ತೊಟ್ಟು ನಿಂತಿದ್ದರು. 2023ರಲ್ಲಿ ನ್ಯೂಯಾರ್ಕ್‌ನ ಬ್ರೂಕ್ಲಿನ್ ಮ್ಯೂಸಿಯಂ ಆತನನ್ನು ತರಾಟೆಗೆ ತೆಗೆದುಕೊಳ್ಳಲೆಂದೇ ಒಂದು ಪ್ರದರ್ಶನ ನಡೆಸಿತು. ಒಂದೆಡೆ ಛೀಮಾರಿ, ಇನ್ನೊಂದೆಡೆ ಏರುತ್ತಲೇ ಇರುವ ಬೆಲೆ. ಎರಡೂ ಒಟ್ಟಿಗೆ ಹೇಗೆ ಸಾಧ್ಯ ಎಂದು ಓದುಗರು ತಲೆ ಕೆರೆದುಕೊಂಡರೆ ತಪ್ಪೇನಿಲ್ಲ. ಛೀಮಾರಿ ಮತ್ತು ಬೆಲೆ ಎರಡಕ್ಕೂ ಮೂಲ ಒಂದೇ, ಆತನ ಪ್ರೇಮಜೀವನದ ಕಥೆ. ಆ ಕಥೆಯನ್ನು ಯಾರು ಹೇಳಬೇಕು ಎಂಬುದೇ ಇಲ್ಲಿನ ನಿಜವಾದ ಜಗಳ.

ಯಾರು ಈ ಹೆಣ್ಣುಮಕ್ಕಳು?

ಪಿಕಾಸೊ ಬದುಕಿದ್ದು 1881ರಿಂದ 1973ರವರೆಗೆ. ಇಷ್ಟು ದೀರ್ಘ ಬದುಕಿನಲ್ಲಿ ಆತನ ಚಿತ್ರಗಳಿಗೆ ಗುರುತು ಬಿಟ್ಟ ಸಂಬಂಧಗಳು ಹಲವು. ಬಡತನದ ದಿನಗಳ ಸಂಗಾತಿ ಫರ್ನಾಂದ್ ಒಲಿವಿಯೆ, 1915ರಲ್ಲಿ ತೀರಿಕೊಂಡ ಎವಾ ಗೂಯೆಲ್ ಮೊದಲಿನವರು. 1918ರಲ್ಲಿ ಆತ ರಷ್ಯಾದ ಬ್ಯಾಲೆ ನರ್ತಕಿ ಓಲ್ಗಾ ಖೊಖ್ಲೊವಾಳನ್ನು ಮದುವೆಯಾದ. ಮಗ ಪಾಲೊ ಹುಟ್ಟಿದ್ದು 1921ರಲ್ಲಿ.

1927ರಲ್ಲಿ, 45ರ ಪಿಕಾಸೊ 17 ವರ್ಷದ ಮೇರಿ ತೆರೇಸ್ ವಾಲ್ಟರ್‌ಳನ್ನು ಪ್ಯಾರಿಸ್‌ನ ಬೀದಿಯಲ್ಲಿ ಕಂಡು ಮಾತನಾಡಿಸಿದ. ಅಂದಿನ ಫ್ರೆಂಚ್ ಕಾನೂನಿನಲ್ಲಿ ಅದು ಅಪರಾಧವಾಗಿರಲಿಲ್ಲ ಎಂಬುದನ್ನು ಆತನ ಪರ ವಾದಿಸುವವರು ಸದಾ ನೆನಪಿಸುತ್ತಾರೆ. ಆತನಿಗೆ ಮದುವೆಯಾಗಿತ್ತು, ಈ ಸಂಬಂಧ ವರ್ಷಗಟ್ಟಲೆ ಗುಟ್ಟಾಗಿ ನಡೆಯಿತು ಎಂಬುದನ್ನು ವಿರೋಧಿಗಳು ನೆನಪಿಸುತ್ತಾರೆ. 1935ರಲ್ಲಿ ಮೇರಿ ತೆರೇಸ್‌ಗೆ ಮಗಳು ಮಾಯಾ ಹುಟ್ಟಿದಳು. ಅದೇ ವರ್ಷ ಓಲ್ಗಾ ಮನೆ ಬಿಟ್ಟು ಹೋದಳು. ವಿಚ್ಛೇದನ ಮಾತ್ರ ಆಗಲಿಲ್ಲ. ಆಗಿದ್ದರೆ ಆಸ್ತಿಯನ್ನು, ಎಂದರೆ ಚಿತ್ರಗಳನ್ನೂ, ಅರ್ಧ ಅರ್ಧ ಹಂಚಬೇಕಾಗುತ್ತಿತ್ತು. ಪಿಕಾಸೊ ಒಪ್ಪಲಿಲ್ಲ. 1955ರಲ್ಲಿ ಸಾಯುವವರೆಗೂ ಓಲ್ಗಾ ಕಾನೂನಿನ ಲೆಕ್ಕದಲ್ಲಿ ಆತನ ಹೆಂಡತಿಯಾಗಿಯೇ ಉಳಿದಳು. ಈ ಒಂದು ಸಂಗತಿ ಮುಂದಿನ ಅರ್ಧ ಶತಮಾನದ ಕೋರ್ಟು ವ್ಯಾಜ್ಯಗಳಿಗೆ ಬೀಜವಾಯಿತು.

ಮಾಯಾ ಹುಟ್ಟಿದ ಕೆಲವೇ ತಿಂಗಳಲ್ಲಿ ದೋರಾ ಮಾರ್ ಬಂದಳು. ಆಕೆಯ ನಂತರ ಜಿಲೋ. ಜಿಲೋಗೆ 1947ರಲ್ಲಿ ಕ್ಲೋದ್, 1949ರಲ್ಲಿ ಪಲೋಮಾ ಹುಟ್ಟಿದರು. 1953ರಲ್ಲಿ ಜಿಲೋ ಮಕ್ಕಳಿಬ್ಬರನ್ನೂ ಕರೆದುಕೊಂಡು ಹೊರಟುಹೋದಳು. ಕೊನೆಯವಳು ಜಾಕ್ಲಿನ್ ರೋಕ್. 1961ರಲ್ಲಿ ಆಕೆಯೊಂದಿಗೆ ಆತನ ಎರಡನೆಯ ಮದುವೆ ನಡೆಯಿತು.

ಪಿಕಾಸೊ ಸತ್ತ ನಾಲ್ಕು ವರ್ಷಕ್ಕೆ ಮೇರಿ ತೆರೇಸ್, ಹದಿಮೂರು ವರ್ಷಕ್ಕೆ ಜಾಕ್ಲಿನ್ ಆತ್ಮಹತ್ಯೆ ಮಾಡಿಕೊಂಡರು. ಪಿಕಾಸೊನ ಅಂತ್ಯಸಂಸ್ಕಾರಕ್ಕೆ ಒಳಬಿಡದೆ ಹಿಂದಕ್ಕೆ ಕಳಿಸಲ್ಪಟ್ಟ ಮೊಮ್ಮಗ, ಪಾಲೊನ ಮಗ ಪಾಬ್ಲಿಟೊ ಕೂಡ ಅದೇ ದಾರಿ ಹಿಡಿದು 1973ರಲ್ಲೇ ತೀರಿಕೊಂಡ. ಈ ಸಾವುಗಳನ್ನೆಲ್ಲ ಒಬ್ಬನ ಲೆಕ್ಕಕ್ಕೆ ಬರೆಯುವುದು ಸುಲಭ, ಆದರೆ ಅದು ಆ ಮೂವರ ಬದುಕನ್ನೂ ಪಿಕಾಸೊನ ಕಥೆಯ ಅಡಿಟಿಪ್ಪಣಿ ಮಾಡಿಬಿಡುತ್ತದೆ. ಇಷ್ಟೆಲ್ಲ ಟೀಕೆ ಯಾವುದರ ವಿರುದ್ಧ ಎದ್ದಿದೆಯೋ ಅದನ್ನೇ ಟೀಕಾಕಾರರೂ ಮಾಡಿದಂತಾಗುತ್ತದೆ.

ದೋರಾ ಮಾರ್ ಎಂಬ ಛಾಯಾಗ್ರಾಹಕಿ

ದೋರಾಳ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಪಿಕಾಸೊನ ಪರಿಚಯಕ್ಕೆ ಮೊದಲೇ ಆಕೆ ಪ್ಯಾರಿಸ್‌ನಲ್ಲಿ ಸ್ವಂತ ಸ್ಟುಡಿಯೊ ಇದ್ದ ಛಾಯಾಗ್ರಾಹಕಿ. ಜಾಹೀರಾತು, ಫ್ಯಾಷನ್, ಬೀದಿ ಬದುಕು, ಕನಸಿನಂಥ ಲೋಕ ಕಟ್ಟುವ ಸರ್ರಿಯಲಿಸ್ಟ್ ಪ್ರಯೋಗ ಎಲ್ಲದರಲ್ಲೂ ಕೈಯಾಡಿಸಿದವಳು, ರಾಜಕೀಯವಾಗಿ ಪಿಕಾಸೊಗಿಂತ ಮುಂಚೆಯೇ ಎಡಕ್ಕೆ ವಾಲಿದವಳು. 1937ರ ಬೇಸಿಗೆಯಲ್ಲಿ ಗ್ರಾಂಜ್ ಒಗುಸ್ತ್ಯಾಂ ಬೀದಿಯ ಸ್ಟುಡಿಯೊದಲ್ಲಿ, ಬಾಂಬ್ ದಾಳಿಗೆ ತುತ್ತಾದ ಸ್ಪೇನಿನ ಊರಿನ ಹೆಸರಿನ ಗೆರ್ನಿಕಾ ಚಿತ್ರ ಹಂತಹಂತವಾಗಿ ರೂಪುಗೊಂಡದ್ದನ್ನು ಕ್ಯಾಮೆರಾದಲ್ಲಿ ಹಿಡಿದವಳು ಆಕೆಯೇ. ಯಾವ ಆಕೃತಿ ಯಾವಾಗ ಬಂತು, ಯಾವುದು ಅಳಿಸಿಹೋಯಿತು ಎಂದು ಇಂದು ಹೇಳಲು ಸಾಧ್ಯವಾಗಿರುವುದು ಆ ಫೋಟೊಗಳಿಂದ.

ಅದೇ ಸ್ಟುಡಿಯೊದ ಒಂದು ಪ್ರಸಂಗವನ್ನು ಜಿಲೋ ತನ್ನ ನೆನಪಿನ ಪುಸ್ತಕದಲ್ಲಿ ಬರೆದಿದ್ದಾಳೆ. ಪಿಕಾಸೊ ಕೆಲಸದಲ್ಲಿದ್ದಾಗ ಮೇರಿ ತೆರೇಸ್ ಬರುತ್ತಾಳೆ. ದೋರಾ ಅಲ್ಲಿರುತ್ತಾಳೆ. ನನಗೆ ಈತನಿಂದ ಮಗುವಿದೆ, ಇಲ್ಲಿ ಇರಬೇಕಾದವಳು ನಾನು ಎಂದು ಮೇರಿ ತೆರೇಸ್ ಹೇಳುತ್ತಾಳೆ. ಇಬ್ಬರಲ್ಲಿ ಯಾರು ಹೋಗಬೇಕೆಂದು ತೀರ್ಮಾನಿಸು ಎಂದು ಕೇಳಿದರೆ, ನೀವೇ ಹೊಡೆದಾಡಿ ತೀರಿಸಿಕೊಳ್ಳಿ ಎಂದು ಆತ ಹೇಳುತ್ತಾನೆ. ಇಬ್ಬರೂ ಕೈಕೈ ಮಿಲಾಯಿಸುತ್ತಾರೆ. ಈತ ಬಾಂಬಿನ ದಾಳಿಗೆ ಸಿಕ್ಕ ಊರಿನ ಗೋಳನ್ನು ಬರೆಯುವುದು ಮುಂದುವರಿಸುತ್ತಾನೆ.

ಜಿಲೋ ಆಗ ಅಲ್ಲಿರಲಿಲ್ಲ. ಆಕೆಗೆ ಈ ಕಥೆ ಹೇಳಿದವನು ಸ್ವತಃ ಪಿಕಾಸೊ, ಅದೂ ತನ್ನ ಬಲು ಇಷ್ಟದ ನೆನಪುಗಳಲ್ಲಿ ಒಂದೆಂದು. ಹೊಡೆದಾಟ ಅಕ್ಷರಶಃ ಹಾಗೆಯೇ ನಡೆಯಿತೋ ಇಲ್ಲವೋ ಎಂಬುದಕ್ಕಿಂತ, ಆತ ಅದನ್ನು ಹೊಸ ಪ್ರೇಯಸಿಯ ಮುಂದೆ ಹೆಮ್ಮೆಯಿಂದ ಹೇಳಿಕೊಂಡ ಎಂಬುದು ಹೆಚ್ಚು ಹೇಳುತ್ತದೆ.

ಅದೇ ವರ್ಷ ಆತ ಅಳುವ ಹೆಂಗಸಿನ ಸರಣಿ ಬರೆದ. ಅದಕ್ಕೆ ದೋರಾಳ ಮುಖವೇ ಆಧಾರ. ಅದರಲ್ಲಿ ಒಂದು ಈಗ ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ. ಸ್ಪೇನಿನ ಅಂತರ್ಯುದ್ಧದ ಸಂಕಟಕ್ಕೆ ಅದು ಸಂಕೇತ ಎಂದು ಪಠ್ಯಪುಸ್ತಕಗಳು ಹೇಳುತ್ತವೆ. ಅದು ಸುಳ್ಳಲ್ಲ. ಆದರೆ ಪಿಕಾಸೊ ತನಗೆ ದೋರಾ ಎಂದರೆ ಅಳುವ ಹೆಂಗಸೇ ಎಂದೂ ಹೇಳಿಕೊಂಡಿದ್ದ. ದೋರಾಳ ಮಾತು ಬೇರೆ: ಅವೆಲ್ಲ ಪಿಕಾಸೊನವು, ಒಂದೂ ತಾನಲ್ಲ ಎಂದು ಆಕೆ ಹೇಳಿದ್ದನ್ನು ಆಕೆಯ ಆಪ್ತರೊಬ್ಬರು ದಾಖಲಿಸಿದ್ದಾರೆ. ಸಂಬಂಧ ಮುರಿದ ಮೇಲೆ ಆಕೆಯ ಮನಸ್ಸು ಕುಸಿಯಿತು. ಮನೋವಿಶ್ಲೇಷಕ ಜಾಕ್ ಲಕಾನ್ ಚಿಕಿತ್ಸೆ ಕೊಟ್ಟ. ಆಮೇಲೆ ಚಿತ್ರ ಬರೆಯುತ್ತ, ದೈವಭಕ್ತಿಯಲ್ಲಿ ಮುಳುಗಿ, ಯಾರ ಕಣ್ಣಿಗೂ ಹೆಚ್ಚು ಬೀಳದೆ ಆಕೆ 1997ರವರೆಗೆ ಬದುಕಿದಳು. ಪಿಕಾಸೊ ಕೊಟ್ಟಿದ್ದ ಚಿತ್ರಗಳಲ್ಲಿ ಹೆಚ್ಚಿನವನ್ನು ಕೊನೆಯವರೆಗೂ ಮಾರದೆ ಇಟ್ಟುಕೊಂಡಿದ್ದಳು. ಆಕೆಯ ಫೋಟೊಗಳ ಸಮಗ್ರ ಪ್ರದರ್ಶನವನ್ನು ಪ್ಯಾರಿಸ್‌ನ ಪಾಂಪಿದು ಕೇಂದ್ರ ಏರ್ಪಡಿಸಿದ್ದು 2019ರಲ್ಲಿ, ಸತ್ತು ಇಪ್ಪತ್ತೆರಡು ವರ್ಷಗಳ ನಂತರ.

ಒಂದು ಪುಸ್ತಕ, ಮೂರು ಮೊಕದ್ದಮೆ

ಈಗಿನ ವಿವಾದ 2017ರ ಮೀ ಟೂ ಚಳವಳಿಯಿಂದ ಹುಟ್ಟಿದ್ದು ಎಂಬ ಮಾತು ಅರ್ಧ ಸತ್ಯ. ಆರೋಪಗಳು ಹಳೆಯವು. 1964ರಲ್ಲೇ ಜಿಲೋ ತನ್ನ ಹತ್ತು ವರ್ಷಗಳ ಸಹಬಾಳ್ವೆಯನ್ನು ಪುಸ್ತಕವಾಗಿ ಬರೆದಳು. ಹೆಂಗಸರಲ್ಲಿ ಎರಡೇ ಬಗೆ, ಒಂದು ದೇವತೆ, ಇನ್ನೊಂದು ಕಾಲೊರಸು ಎಂದು ಆತ ಹೇಳುತ್ತಿದ್ದುದು, ಒಮ್ಮೆ ಉರಿಯುವ ಸಿಗರೇಟನ್ನು ಆಕೆಯ ಕೆನ್ನೆಗೆ ಒತ್ತಿದ್ದು ಎಲ್ಲ ಅದರಲ್ಲಿದೆ. ಆತನ ಬಣ್ಣ, ರೇಖೆ, ಕೆಲಸದ ಕ್ರಮಗಳ ಬಗ್ಗೆ ಕಲಾವಿದೆಯೊಬ್ಬಳ ತೀಕ್ಷ್ಣ ಟಿಪ್ಪಣಿಗಳೂ ಅಷ್ಟೇ ಇವೆ. ಸುದ್ದಿಯಾಗುವುದು ಸಿಗರೇಟು ಮಾತ್ರ.

ಪಿಕಾಸೊ ಪುಸ್ತಕ ತಡೆಯಲು ಮೂರು ಬಾರಿ ಕೋರ್ಟಿಗೆ ಹೋದ, ಮೂರು ಬಾರಿಯೂ ಸೋತ. ಪುಸ್ತಕ ನಿಷೇಧಿಸಬೇಕೆಂದು ಫ್ರಾನ್ಸಿನ ಹಲವಾರು ಕಲಾವಿದರು, ಬುದ್ಧಿಜೀವಿಗಳು ಸಹಿ ಹಾಕಿದರು. ಅಭಿವ್ಯಕ್ತಿ ಸ್ವಾತಂತ್ರ್ಯದ ತವರು ಎನಿಸಿಕೊಂಡ ಊರಿನಲ್ಲಿ ಇದು ನಡೆಯಿತು ಎಂಬುದನ್ನು ಮರೆಯಬಾರದು. ಆತ ಜಿಲೋಳ ಮಕ್ಕಳಾದ ಕ್ಲೋದ್ ಮತ್ತು ಪಲೋಮಾರನ್ನು ನೋಡುವುದನ್ನೇ ನಿಲ್ಲಿಸಿದ. ಆಕೆಯ ಚಿತ್ರಗಳನ್ನು ಮಾರುತ್ತಿದ್ದ ಗ್ಯಾಲರಿ ಅದಕ್ಕೂ ಮೊದಲೇ ಆಕೆಯನ್ನು ಕೈಬಿಟ್ಟಿತ್ತು. ಪಿಕಾಸೊನ ಒತ್ತಡವೇ ಕಾರಣ ಎಂಬುದು ಆಕೆಯ ದೂರು. ಆಕೆ ಅಮೆರಿಕಕ್ಕೆ ನೆಲೆ ಬದಲಿಸಿದಳು, ಪೋಲಿಯೊ ಲಸಿಕೆ ಕಂಡುಹಿಡಿದ ಜೋನಸ್ ಸಾಲ್ಕ್‌ನನ್ನು 1970ರಲ್ಲಿ ಮದುವೆಯಾದಳು, ಭಾರತಕ್ಕೂ ಬಂದು ಒಂದು ಚಿತ್ರಪುಸ್ತಕ ತುಂಬಿಸಿಕೊಂಡು ಹೋದಳು. 2023ರ ಜೂನ್‌ನಲ್ಲಿ ನೂರಾಒಂದನೆಯ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಚಿತ್ರ ಬರೆಯುವುದನ್ನು ಬಿಡಲಿಲ್ಲ.

ಪುಸ್ತಕ ಚೆನ್ನಾಗಿ ಮಾರಾಟವಾಯಿತು. ಆ ಹಣದಿಂದ ಜಿಲೋ ಮಕ್ಕಳ ವಾರಸುದಾರಿಕೆಯ ಮೊಕದ್ದಮೆ ನಡೆಸಿದಳು. ಪಿಕಾಸೊ ಮುಚ್ಚಿಹಾಕಬೇಕೆಂದುಕೊಂಡ ಕಥೆಯೇ ಆತನ ಆಸ್ತಿಯ ಬಾಗಿಲು ತೆರೆಯುವ ಖರ್ಚಿಗಾಯಿತು.

ಉಯಿಲಿಲ್ಲದ ಸಾವು

ಇಲ್ಲಿ ಕಾನೂನು ಸ್ವಲ್ಪ ಅರ್ಥವಾಗಬೇಕು. ಇಲ್ಲದಿದ್ದರೆ ಇಂದಿನ ಮ್ಯೂಸಿಯಂಗಳ ಕಷ್ಟ ತಿಳಿಯುವುದಿಲ್ಲ. ಹೆಂಡತಿಯಿರುವಾಗ ಬೇರೊಬ್ಬಳಲ್ಲಿ ಹುಟ್ಟಿದ ಮಕ್ಕಳಿಗೆ ಹಳೆಯ ಫ್ರೆಂಚ್ ಕಾನೂನಿನಲ್ಲಿ ತಂದೆಯ ಆಸ್ತಿಯಲ್ಲಿ ಪಾಲಿರಲಿಲ್ಲ. ಓಲ್ಗಾ ಜೊತೆಗಿನ ಮದುವೆ ಕಾಗದದ ಮೇಲೆ 1955ರವರೆಗೂ ಉಳಿದಿತ್ತಲ್ಲ, ಹಾಗಾಗಿ ಮಾಯಾ, ಕ್ಲೋದ್, ಪಲೋಮಾ ಮೂವರೂ ಈ ವರ್ಗಕ್ಕೆ ಸೇರಿದರು. 1972ರ ಜನವರಿಯಲ್ಲಿ ಫ್ರಾನ್ಸ್ ಕಾನೂನು ಬದಲಿಸಿ ಇಂಥ ಮಕ್ಕಳಿಗೂ ಹಕ್ಕು ಕೊಟ್ಟಿತು. ಮರುವರ್ಷ ಏಪ್ರಿಲ್ 8ರಂದು ಪಿಕಾಸೊ ಉಯಿಲು ಬರೆಯದೆ ಸತ್ತ. 1974ರಲ್ಲಿ ಕೋರ್ಟು ಮಕ್ಕಳ ಹಕ್ಕನ್ನು ಎತ್ತಿಹಿಡಿಯಿತು. ಕೊನೆಗೆ ಆಸ್ತಿ ಹಂಚಿಕೆಯಾದದ್ದು ಆರು ಜನಕ್ಕೆ: ಪತ್ನಿ ಜಾಕ್ಲಿನ್, ಈ ಮೂವರು ಮಕ್ಕಳು, ಮತ್ತು 1975ರಲ್ಲಿ ತೀರಿಕೊಂಡ ಪಾಲೊನ ಮಕ್ಕಳಾದ ಮರೀನಾ ಹಾಗೂ ಬರ್ನಾರ್ಡ್.

ಪಟ್ಟಿ ಮಾಡಲು ಹೋದವರಿಗೆ ಸಿಕ್ಕ ಕೃತಿಗಳ ಸಂಖ್ಯೆ ಸಾವಿರಾರು. ಅದರಲ್ಲಿ ವರ್ಣಚಿತ್ರಗಳೇ 1,885. ಉತ್ತರಾಧಿಕಾರ ತೆರಿಗೆಯನ್ನು ಹಣದ ಬದಲು ಕಲಾಕೃತಿಯ ರೂಪದಲ್ಲಿ ಕಟ್ಟಲು 1968ರ ಕಾನೂನು ಅವಕಾಶ ಕೊಟ್ಟಿತ್ತು. ಸರ್ಕಾರ ತನ್ನ ಪಾಲಿಗೆ 203 ವರ್ಣಚಿತ್ರಗಳನ್ನೂ ನೂರಾರು ಶಿಲ್ಪ, ರೇಖಾಚಿತ್ರಗಳನ್ನೂ ಆರಿಸಿಕೊಂಡಿತು. ಅವುಗಳಿಗಾಗಿಯೇ 1985ರಲ್ಲಿ ಪ್ಯಾರಿಸ್‌ನ ಪಿಕಾಸೊ ಮ್ಯೂಸಿಯಂ ತೆರೆಯಿತು. ಎಂದರೆ ಆ ಸಂಸ್ಥೆಯ ಅಡಿಪಾಯವೇ ಈ ಕುಟುಂಬದ ಕಲಹ. ಫ್ರಾನ್ಸಿನಲ್ಲಿ ಸರ್ಕಾರಿ ಸಂಗ್ರಹದ ಕೃತಿಗಳನ್ನು ಮಾರುವಂತಿಲ್ಲ. ಪಿಕಾಸೊನನ್ನು ಗೋಡೆಯಿಂದ ಇಳಿಸಿ ಎನ್ನುವವರು ಈ ಮ್ಯೂಸಿಯಂ ಇಳಿಸಿದ್ದನ್ನು ಎಲ್ಲಿಡಬೇಕು, ಆ ಜಾಗದಲ್ಲಿ ಏನು ನೇತುಹಾಕಬೇಕು ಎಂಬುದನ್ನೂ ಹೇಳಬೇಕಾಗುತ್ತದೆ.

ಕೊಳ್ಳುವವರು ಕೊಳ್ಳುತ್ತಿರುವುದೇನು?

2023ರ ನವೆಂಬರ್‌ನಲ್ಲಿ ಮೇರಿ ತೆರೇಸ್‌ಳ 1932ರ ಒಂದು ಚಿತ್ರ ನ್ಯೂಯಾರ್ಕ್‌ನಲ್ಲಿ 13.94 ಕೋಟಿ ಡಾಲರ್‌ಗೆ ಹೋಯಿತು. 2013ರಲ್ಲಿ ಆಕೆಯದೇ ಇನ್ನೊಂದು ಚಿತ್ರ ಖಾಸಗಿ ವ್ಯವಹಾರದಲ್ಲಿ 15.5 ಕೋಟಿ ಡಾಲರ್ ತಂದಿತ್ತು. ಬೆಕ್ಕಿನೊಂದಿಗೆ ಕುಳಿತ ದೋರಾಳಿಗೆ 2006ರಲ್ಲಿ 9.52 ಕೋಟಿ. ಕಲೆಯ ಗುಣ, ಅಪರೂಪ, ಹಿಂದಿನ ಒಡೆಯರ ಹೆಸರು ಎಲ್ಲವೂ ಬೆಲೆಗೆ ಸೇರುತ್ತವೆ. ಆದರೆ ಹರಾಜು ಸಂಸ್ಥೆಗಳ ಪುಸ್ತಿಕೆ ತೆರೆದರೆ ಮೊದಲು ಕಣ್ಣಿಗೆ ಬೀಳುವುದು ಪ್ರೇಮಕಥೆ: ಗುಟ್ಟಿನ ಸಂಬಂಧ, ಹೊಸ ಹುಮ್ಮಸ್ಸು, ಹಳೆಯವಳ ಹೊಟ್ಟೆಕಿಚ್ಚು.

ಇದಕ್ಕೆ ಪಿಕಾಸೊ ಸ್ವತಃ ದಾರಿ ಹಾಕಿಕೊಟ್ಟಿದ್ದ. ಬೇರೆಯವರು ಆತ್ಮಕಥೆ ಬರೆಯುವಂತೆ ತಾನು ಚಿತ್ರ ಬರೆಯುತ್ತೇನೆ ಎಂಬರ್ಥದ ಮಾತು ಆತನದೇ. ಚಿತ್ರಗಳ ಮೇಲೆ ವರ್ಷ ಮಾತ್ರವಲ್ಲ, ಅನೇಕ ವೇಳೆ ತಿಂಗಳು, ದಿನಾಂಕವನ್ನೂ ಹಾಕುತ್ತಿದ್ದ. ಕಲಾ ಇತಿಹಾಸಕಾರರು ಅದನ್ನೇ ಹಿಡಿದು ಆತನ ಕಾಲಘಟ್ಟಗಳನ್ನು ಹೆಂಗಸರ ಹೆಸರಿನಲ್ಲಿ ಗುರುತಿಸತೊಡಗಿದರು. ಮಾರುಕಟ್ಟೆ ಆ ಹೆಸರುಗಳನ್ನು ದರ್ಜೆಗಳನ್ನಾಗಿ ಮಾಡಿಕೊಂಡಿತು. ಹೀಗಾಗಿ ಟೀಕೆ ಹೆಚ್ಚಿದಷ್ಟೂ ಕಥೆ ಹೆಚ್ಚು ಜನರಿಗೆ ತಲುಪುತ್ತದೆ, ಕಥೆ ತಲುಪಿದಷ್ಟೂ ಚಿತ್ರದಲ್ಲಿರುವ ಮುಖ ಪರಿಚಿತವಾಗುತ್ತದೆ, ಪರಿಚಿತ ಮುಖಕ್ಕೆ ಹರಾಜಿನಲ್ಲಿ ಪೈಪೋಟಿ ಏಳುತ್ತದೆ. ಛೀಮಾರಿಯಿಂದ ಬೆಲೆ ಬೀಳುತ್ತದೆ ಎಂದು ನಿರೀಕ್ಷಿಸಿದವರ ಲೆಕ್ಕ ತಪ್ಪುವುದು ಇಲ್ಲಿ.

ಹೋಲಿಕೆಗೆ ಒಂದು ಅಂಕಿ ಸಾಕು. ಜಿಲೋ ತನ್ನ ಮಗಳು ಪಲೋಮಾ ಗಿಟಾರ್ ಹಿಡಿದದ್ದನ್ನು ಬರೆದ ಚಿತ್ರ 2021ರಲ್ಲಿ ಸುಮಾರು 13 ಲಕ್ಷ ಡಾಲರ್ ತಂದಾಗ ಅದನ್ನು ಆಕೆಯ ದೊಡ್ಡ ಗೆಲುವೆಂದು ವರದಿ ಮಾಡಲಾಯಿತು. ಪಿಕಾಸೊ ಬರೆದ ಹೆಂಗಸರ ಚಿತ್ರಗಳಿಗೆ ಸಿಗುವುದು ಇದರ ಹತ್ತಾರು ಪಟ್ಟು, ಒಮ್ಮೊಮ್ಮೆ ನೂರು ಪಟ್ಟು.

ವಾದ, ಪ್ರತಿವಾದ

ಪಿಕಾಸೊನ ಪರ ನಿಲ್ಲುವವರ ಗಟ್ಟಿ ವಾದ, ಕಾಲ ಬೇರೆಯಿತ್ತು ಎಂಬುದಲ್ಲ. ಅದು ಸೋಮಾರಿಗಳ ವಾದ. ಜಿಲೋ 1964ರಲ್ಲೇ ಬರೆದಿದ್ದಾಳೆ ಎಂದರೆ ಆ ಕಾಲಕ್ಕೂ ಅದು ತಪ್ಪೆಂದು ತಿಳಿದಿತ್ತು ಎಂದೇ ಅರ್ಥ. ಅವರ ಗಟ್ಟಿ ವಾದ ಬೇರೆ: ಈ ಹೆಂಗಸರನ್ನೆಲ್ಲ ಬಲಿಪಶುಗಳೆಂದು ಕರೆದು ಅವರ ಬುದ್ಧಿ, ಆಯ್ಕೆ, ಪ್ರೀತಿಯನ್ನು ಕಿತ್ತುಕೊಳ್ಳಬೇಡಿ ಎಂಬುದು. ಇದಕ್ಕೆ ಜಿಲೋಳ ಬೆಂಬಲವೇ ಇದೆ. ತಾನು ಸೆರೆಯಾಳಾಗಿರಲಿಲ್ಲ, ಇಷ್ಟಪಟ್ಟು ಹೋದೆ, ಇಷ್ಟಪಟ್ಟು ಹೊರಬಂದೆ ಎಂಬುದು ಇಳಿವಯಸ್ಸಿನಲ್ಲೂ ಆಕೆಯ ನಿಲುವಾಗಿತ್ತು.

ವಿರುದ್ಧ ನಿಲ್ಲುವವರಲ್ಲಿ ಎಲ್ಲರಿಗಿಂತ ಕಟುವಾಗಿ ಮಾತನಾಡಿದವರು ಮನೆಯೊಳಗಿನವರು. ತಾತ ಹೆಂಗಸರನ್ನು ಹೀರಿ, ಹಿಂಡಿ, ಕ್ಯಾನ್ವಾಸಿಗೆ ಬಳಿದು ಬಿಸಾಕಿದ ಎಂಬ ಅರ್ಥದಲ್ಲಿ ಮೊಮ್ಮಗಳು ಮರೀನಾ ತಮ್ಮ ಪುಸ್ತಕದಲ್ಲಿ ಬರೆದಿದ್ದಾರೆ. ಪಾಬ್ಲಿಟೊ ಆಕೆಯ ಅಣ್ಣ. ಇದೇ ಮರೀನಾ ಪಾಲಿಗೆ ಬಂದ ಚಿತ್ರಗಳನ್ನು ಮಾರಿ ವಿಯೆಟ್ನಾಂನ ಅನಾಥ ಮಕ್ಕಳಿಗೆ ನೆರವಾದರು ಎಂಬುದೂ ಕಥೆಯ ಭಾಗ. ಇನ್ನೊಬ್ಬ ಮೊಮ್ಮಗ, ಮಾಯಾಳ ಮಗ ಒಲಿವಿಯೆ, ತಾತನನ್ನು ಸಮರ್ಥಿಸಿ ಬರೆಯುತ್ತಾರೆ. ಒಂದೇ ಮನೆಯಲ್ಲಿ ಎರಡು ಪಿಕಾಸೊಗಳು ಇದ್ದಾರೆ.

ಕಲೆ ಬೇರೆ, ಕಲಾವಿದ ಬೇರೆ ಎಂಬ ಹಳೆಯ ಸೂತ್ರ ಈ ಪ್ರಕರಣದಲ್ಲಿ ಕೆಲಸಕ್ಕೆ ಬರುವುದಿಲ್ಲ. ಹಾಗೆ ಬೇರೆ ಮಾಡಲು ಎಂದೂ ಬಿಡದವರು ಮಾರುವವರೇ. ಲಾಭದ ವಿಷಯ ಬಂದಾಗ ಜೀವನಕಥೆ ಬೇಕು, ದೂರಿನ ವಿಷಯ ಬಂದಾಗ ಅದು ಖಾಸಗಿ ಎನ್ನುವುದು ನ್ಯಾಯವಲ್ಲ.

ಮ್ಯೂಸಿಯಂಗಳು ಹಿಡಿದ ದಾರಿ

ಬ್ರೂಕ್ಲಿನ್ ಪ್ರಯೋಗ ಬಹುಮಟ್ಟಿಗೆ ಕೈಕೊಟ್ಟಿತು. ಹಾಸ್ಯ ಕಲಾವಿದೆ ಹ್ಯಾನಾ ಗ್ಯಾಡ್ಸ್‌ಬಿ ಜೊತೆ ಸೇರಿ ರೂಪಿಸಿದ ಆ ಪ್ರದರ್ಶನದಲ್ಲಿ ಕುಹಕದ ಟಿಪ್ಪಣಿಗಳು ಹೆಚ್ಚಿದ್ದವು, ಪಕ್ಕದಲ್ಲಿಟ್ಟ ಕಲಾವಿದೆಯರ ಕೃತಿಗಳನ್ನು ಗಂಭೀರವಾಗಿ ನೋಡುವ ವ್ಯವಧಾನವಿರಲಿಲ್ಲ ಎಂದು ವಿಮರ್ಶಕರು ಬೈದರು. ಬೈಗುಳದಲ್ಲಿ ಹುರುಳಿತ್ತು. ಆ ಕಲಾವಿದೆಯರು ಅಲ್ಲಿಯೂ ಪಿಕಾಸೊನ ಮಾತಿಗೆ ನೆಪವಾಗಿಯೇ ಉಳಿದರು.

ಪ್ಯಾರಿಸ್‌ನ ಪಿಕಾಸೊ ಮ್ಯೂಸಿಯಂ ಗದ್ದಲವಿಲ್ಲದೆ ಬೇರೆ ಕೆಲಸ ಮಾಡಿತು. 2023ರಲ್ಲಿ ಅಮೆರಿಕದ ಕಪ್ಪು ಕಲಾವಿದೆ ಫೇತ್ ರಿಂಗ್‌ಗೋಲ್ಡ್‌ಗೆ, ನಂತರ ಫ್ರೆಂಚ್ ಕಲಾವಿದೆ ಸೋಫಿ ಕಾಲ್‌ಗೆ ಜಾಗ ಬಿಟ್ಟುಕೊಟ್ಟಿತು. 2024ರ ಮಾರ್ಚ್‌ನಲ್ಲಿ ಜಿಲೋಳ ಚಿತ್ರಗಳಿಗೇ ಒಂದು ಕೋಣೆ ಮೀಸಲಿಟ್ಟಿತು, ಅಲ್ಲಿ ಆಕೆ ರೂಪದರ್ಶಿಯಲ್ಲ, ಕಲಾವಿದೆ. ಆಕೆ ತೀರಿಕೊಂಡು ವರ್ಷವೂ ಆಗಿರಲಿಲ್ಲ. ಬದುಕಿದ್ದಾಗ ಅದನ್ನು ಮಾಡಲು ಸಮಯವಂತೂ ಬೇಕಾದಷ್ಟಿತ್ತು.

ಮುಂದೇನಾಗಬಹುದು

ಬೆಲೆ ಸದ್ಯಕ್ಕೆ ಇಳಿಯುವ ಲಕ್ಷಣವಿಲ್ಲ. ಬದಲಾಗುತ್ತಿರುವುದು ಗೋಡೆಯ ಮೇಲಿನ ಫಲಕಗಳ ಭಾಷೆ. ಸ್ಫೂರ್ತಿದೇವತೆ ಎಂದಿದ್ದ ಕಡೆ ಛಾಯಾಗ್ರಾಹಕಿ, ಕಲಾವಿದೆ ಎಂಬ ಪದಗಳು ಬರುತ್ತಿವೆ, ವಯಸ್ಸುಗಳನ್ನು ಮುಚ್ಚಿಡುವುದು ಕಡಿಮೆಯಾಗುತ್ತಿದೆ. ದೋರಾ, ಜಿಲೋ ಇವರ ಸ್ವಂತ ಕೃತಿಗಳಿಗೆ ಸಂಗ್ರಾಹಕರು ಹೆಚ್ಚಬಹುದು. ಮೇರಿ ತೆರೇಸ್ ಮತ್ತು ಓಲ್ಗಾಗೆ ಆ ಆಸರೆಯೂ ಇಲ್ಲ. ಇಬ್ಬರೂ ಆತ ಬರೆದ ಚಿತ್ರಗಳಲ್ಲೇ ಉಳಿದಿದ್ದಾರೆ, ಹಾಗಾಗಿ ಅವರ ಕಥೆ ಹೇಳುವುದು ಎಲ್ಲರಿಗಿಂತ ಕಷ್ಟ.

ಇನ್ನೊಂದು ಬದಲಾವಣೆ ಕಾನೂನಿನ ಕಡೆಯಿಂದ ಬರಲಿದೆ. ಪಿಕಾಸೊನ ಕೃತಿಗಳ ಹಕ್ಕುಸ್ವಾಮ್ಯ ಈಗ ವಾರಸುದಾರರ ಕೈಯಲ್ಲಿದೆ. 1989ರಿಂದ ಅದನ್ನು ನೋಡಿಕೊಳ್ಳುತ್ತಿದ್ದ ಕ್ಲೋದ್ 2023ರಲ್ಲಿ ತಂಗಿ ಪಲೋಮಾ ಅವರಿಗೆ ಹೊಣೆ ದಾಟಿಸಿ ಅದೇ ವರ್ಷ ತೀರಿಕೊಂಡರು. ಜಿಲೋ ಕೋರ್ಟಿನಲ್ಲಿ ಹೋರಾಡಿ ಹಕ್ಕು ಕೊಡಿಸಿದ ಮಗಳೇ ಇಂದು ಪಿಕಾಸೊ ಹೆಸರಿನ ಕಾವಲುಗಾರ್ತಿ. ಚಿತ್ರವನ್ನು ಪುಸ್ತಕದಲ್ಲಿ ಅಚ್ಚು ಹಾಕಲು, ಸರಕಿನ ಮೇಲೆ ಬಳಸಲು ಅನುಮತಿ ಅಲ್ಲಿಂದಲೇ ಸಿಗಬೇಕು. ಭಾರತದಲ್ಲಿ ಹಕ್ಕುಸ್ವಾಮ್ಯದ ಅವಧಿ ಕಲಾವಿದ ಸತ್ತ ನಂತರ 60 ವರ್ಷ, ಫ್ರಾನ್ಸಿನಲ್ಲಿ 70. ಆ ಲೆಕ್ಕದಲ್ಲಿ ನಮ್ಮಲ್ಲಿ 2034ರ ಜನವರಿಗೆ, ಫ್ರಾನ್ಸಿನಲ್ಲಿ 2044ರ ಜನವರಿಗೆ ಈ ಚಿತ್ರಗಳು ಸಾರ್ವಜನಿಕವಾಗುತ್ತವೆ. ಫ್ರೆಂಚ್ ಕಾನೂನಿನ ನೈತಿಕ ಹಕ್ಕಿಗೆ ಮಾತ್ರ ಅವಧಿಯ ಮಿತಿಯಿಲ್ಲ. ಕೃತಿಯನ್ನು ತಿರುಚಲಾಗಿದೆ ಎಂದು ಅನಿಸಿದರೆ ಮರಿಮಕ್ಕಳೂ ಕೋರ್ಟಿನ ಮೆಟ್ಟಿಲು ಹತ್ತಬಹುದು. ಚಿತ್ರ ಅಚ್ಚು ಹಾಕಲು ಯಾರ ಅಪ್ಪಣೆಯೂ ಬೇಡವಾಗುವ ದಿನ, ಅಳುವ ಹೆಂಗಸಿನ ಕೆಳಗೆ ಯಾವ ವಿವರಣೆ ಬರೆಯಬೇಕೆಂಬ ವ್ಯಾಜ್ಯ ಕುಟುಂಬದ ಕಚೇರಿಯಿಂದ ಪ್ರಕಾಶಕರ, ಶಿಕ್ಷಕರ, ಮ್ಯೂಸಿಯಂನವರ ಮೇಜಿಗೆ ಬರುತ್ತದೆ.